ಮಿಲಾನ್‌ನ ಗ್ಯಾಲರಿಯಾ: ಏನೂ ಕೊಳ್ಳದಿದ್ದರೂ ಹೋಗಬಹುದಾ?

ಮಿಲಾನ್‌ನಲ್ಲಿ ಅರ್ಧ ದಿನ ಸುತ್ತಾಡುವಾಗ, ಏನೂ ಕೊಳ್ಳದಿದ್ದರೂ ಗ್ಯಾಲರಿಯಾ ವಿಟ್ಟೋರಿಯೊ ಇಮ್ಯಾನುಯೆಲ್ ಒಳಗೆ ಹೋಗಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಟಿಕೆಟ್ ಇಲ್ಲ. ಅದು ಗಾಜಿನ ಚಾವಣಿ ಇರುವ ಅಂಗಡಿ ಬೀದಿ, ಅಷ್ಟೇ. ಡುವೊಮೊ, ಅಂದರೆ ನಗರದ ದೊಡ್ಡ ಚರ್ಚಿನ ಚೌಕದಿಂದ ಒಳಹೊಕ್ಕರೆ ಆಚೆ ಲಾ ಸ್ಕಾಲಾ ಒಪೆರಾ ರಂಗಮಂದಿರದ ಹತ್ತಿರ ಹೊರಬೀಳುತ್ತೀರಿ, ದಾರಿಯೂ ಸುತ್ತಾಗುವುದಿಲ್ಲ.

ನಡುವಿನ ಎಂಟು ಮೂಲೆಯ ಅಂಗಳದಲ್ಲಿ ಮಾತ್ರ ಅವಸರ ಬೇಡ. ಮೊದಲು ತಲೆ ಎತ್ತಿ ನೋಡಿ. ಕಬ್ಬಿಣ, ಗಾಜಿನ ಆ ಗುಮ್ಮಟ ಸುಮಾರು 47 ಮೀಟರ್ ಎತ್ತರದಲ್ಲಿದೆ. ಆಮೇಲೆ ನೆಲ ನೋಡಿ. ಅಲ್ಲಿ ಮೊಸಾಯಿಕ್‌ನಲ್ಲಿ, ಅಂದರೆ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಚಿತ್ರದಲ್ಲಿ, ಇರುವ ಟ್ಯೂರಿನ್ ನಗರದ ಲಾಂಛನದ ಗೂಳಿಯನ್ನು ಹುಡುಕಬೇಕಾಗಿಲ್ಲ, ಸುತ್ತ ಜನ ಇದ್ದೇ ಇರುತ್ತಾರೆ. ಅದೃಷ್ಟ ಬರಲಿ ಅಂತ ಅದರ ಮೇಲೆ ಹಿಮ್ಮಡಿ ಊರಿ ಗಿರಗಿರ ತಿರುಗಿ ತಿರುಗಿ ಅಲ್ಲಿ ಗುಳಿಯೇ ಬಿದ್ದಿದೆ. ನೀವು ತಿರುಗದಿದ್ದರೆ ನನಗೆ ಖುಷಿ. ಅಷ್ಟು ಚಂದದ ಮೊಸಾಯಿಕ್ ಸುಮ್ನೆ ಸವೆಯುವುದು ಯಾಕೆ, ಅಲ್ವಾ?

ಈ ಗ್ಯಾಲರಿಯಾವನ್ನು ರೂಪಿಸಿದ ಜುಸೆಪ್ಪೆ ಮೆಂಗೋನಿ 1877ರ ಡಿಸೆಂಬರ್‌ನಲ್ಲಿ, ಕೆಲಸ ಮುಗಿಯುವ ಹೊತ್ತಿಗೆ, ಇಲ್ಲೇ ಮೇಲಿಂದ ಬಿದ್ದು ತೀರಿಕೊಂಡರು. ಅದು ಗೊತ್ತಿದ್ದರೆ ಆ ಎತ್ತರ ಬೇರೆ ಥರ ಕಾಣುತ್ತದೆ.

ಕಾಫಿ ಬೇಕಾದರೆ ಕೌಂಟರ್ ಹತ್ತಿರ ನಿಂತೇ ಕುಡಿಯಿರಿ. ಮೇಜಿಗೆ ಕೂತರೆ ದರ ಜಾಸ್ತಿ.