ಕ್ಲೋರಿನ್ ಮಾತ್ರೆ ಹತ್ತು ವರ್ಷ ಇಟ್ಟರೆ ಕೆಲಸ ಮಾಡುತ್ತಾ?

ಕುಡಿಯುವ ನೀರು ಶುದ್ಧ ಮಾಡುವ ಮಾತ್ರೆ ಹತ್ತು ವರ್ಷಕ್ಕಾಗುವಷ್ಟು ಒಟ್ಟಿಗೇ ತಂದು ಫ್ರಿಜ್‌ನಲ್ಲಿಡಬಹುದಾ ಅಂತ ಕೇಳಿದ್ದೀರಿ. ಬೇಡ ಅಂತೀನಿ. ನಾನೇ ಒಮ್ಮೆ ಕೆಡಿಸಿಕೊಂಡವನು.

ನಮ್ಮ ಮನೆ ಮಡಿಕೇರಿ ಹತ್ತಿರ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ದಾರಿಯೂ ಇಲ್ಲ, ಕರೆಂಟೂ ಇಲ್ಲ; ಬಾವಿ ನೀರು ಹಾಲು ಬೆರೆಸಿದ ಕಾಫಿ ಬಣ್ಣ. ಮಾತ್ರೆ ಇದೆಯಲ್ಲ ಅಂತ ಧೈರ್ಯವಾಗಿ ಅಟ್ಟದಿಂದ ಬಾಟಲಿ ಇಳಿಸಿದೆ. ಜಾಗ ಉಳಿಯಲಿ ಅಂತ ಅಷ್ಟನ್ನೂ ಸ್ಟ್ರಿಪ್‌ನಿಂದ ಬಿಡಿಸಿ ಹಳೇ ಉಪ್ಪಿನಕಾಯಿ ಬಾಟಲಿಗೆ ಸುರಿದಿಟ್ಟಿದ್ದೆ, ಜಾಣ! ತಗಡಿನ ಮುಚ್ಚಳ ತುಕ್ಕು ಹಿಡಿದು ತಿರುಗಲೇ ಇಲ್ಲ. ಇಕ್ಕಳ ಹಾಕಿ ತೆಗೆದರೆ ಒಳಗೆ ಒದ್ದೆ ಸುಣ್ಣದಂಥ ಹಿಟ್ಟು, ಮೂಗಿಗೆ ರಪ್ಪನೆ ಹೊಡೆಯುವ ವಾಸನೆ. ನೀರಿಗೆ ಸೇರಬೇಕಿದ್ದ ಕ್ಲೋರಿನ್ನೇ ಅದು. ಆಮೇಲೆ ಹಸಿ ಸೌದೆ ಊದಿ ನೀರು ಕುದಿಸಿದ್ದೇ ಕುದಿಸಿದ್ದು.

ಈಗ ಸಿಗುವ ಮಾತ್ರೆಗಳಲ್ಲಿ ಹೆಚ್ಚಿನವು ಸೋಡಿಯಂ ಡೈಕ್ಲೋರೋಐಸೋಸೈನುರೇಟ್. ತೇವ ತಾಗಿದರೆ ಕ್ಲೋರಿನ್ ಬಿಡುವುದೇ ಅದರ ಕೆಲಸ. ಗಾಳಿಯ ತೇವವಾದರೂ ಸರಿ, ಕೊಡದ ನೀರಾದರೂ ಸರಿ. ಹಾಗಾಗಿ ಅದನ್ನು ಕಾಯುವುದು ಆ ಫಾಯಿಲ್ ಒಂದೇ. ಫಾಯಿಲ್ ಹರಿಯದಿದ್ದರೆ ಸಾಮಾನ್ಯವಾಗಿ 3ರಿಂದ 5 ವರ್ಷ. ಫ್ರಿಜ್‌ನಿಂದ ಹೊರತೆಗೆದಾಗ ಮೈಮೇಲೆ ನೀರು ಕೂರುತ್ತೆ, ಅದಕ್ಕೇ ಬೇಡ ಅಂದದ್ದು. ಬಿಸಿಲು ಬೀಳದ, ಒಲೆಗೂ ಬಚ್ಚಲಿಗೂ ದೂರದ ಕಪಾಟು ಸಾಕು. ಟಾಯ್ಲೆಟ್ ಆ್ಯಸಿಡ್, ಬ್ಲೀಚಿಂಗ್ ಪೌಡರ್ ಪಕ್ಕದಲ್ಲಂತೂ ಇಡಲೇಬೇಡಿ; ಬೆರೆತರೆ ಅಪಾಯ. ಜ್ವರದ ಮಾತ್ರೆಯ ಡಬ್ಬದಲ್ಲೂ ಬೇಡ, ಕತ್ತಲಲ್ಲಿ ಯಾರಾದರೂ ನುಂಗಿಯಾರು. ಬ್ಲೀಚಿಂಗ್ ಪೌಡರನ್ನೇ ಕೂಡಿಡೋಣ ಅಂದರೆ ಅದು ಇನ್ನೂ ಬೇಗ ಸಪ್ಪೆಯಾಗುತ್ತೆ.

ಇಷ್ಟಕ್ಕೂ ನಿಮಗೆ ಎಷ್ಟು ಬೇಕು? 67 ಮಿಲಿಗ್ರಾಂ ಮಾತ್ರೆ ಒಂದಕ್ಕೆ 20 ಲೀಟರ್ ತಿಳಿನೀರು, ಅಂದರೆ ಒಂದು ಬಬಲ್‌ಟಾಪ್ ಕ್ಯಾನ್. ನಾಲ್ಕು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ ಅಷ್ಟೇ. ಮೂವತ್ತು ಮಾತ್ರೆ ಅಂದರೆ ಒಂದು ತಿಂಗಳು. ಹತ್ತು ವರ್ಷದ ದಾಸ್ತಾನು ಯಾಕೆ? ಕೊಳ್ಳುವಾಗ ಎಷ್ಟು ಲೀಟರಿನ ಮಾತ್ರೆ ಅಂತ ಮಾತ್ರ ನೋಡಿ, ಬೇರೆ ಬೇರೆ ಅಳತೆಯವು ಬರುತ್ತವೆ.

ಕೆಂಪು ನೀರಾದರೆ ಮೊದಲು ತಿಳಿಯಾಗಲು ಬಿಡಿ, ಹಳೇ ಹತ್ತಿ ಪಂಚೆ ನಾಲ್ಕು ಮಡಿಕೆ ಮಾಡಿ ಸೋಸಿ, ಆಮೇಲೆ ಮಾತ್ರೆ. ಕೆಸರೇ ಕ್ಲೋರಿನ್ ತಿಂದುಬಿಡುತ್ತೆ. ಅರ್ಧ ಗಂಟೆ ಮುಚ್ಚಿಟ್ಟು ಕುಡಿಯಿರಿ. ತೋಟಕ್ಕೆ ಹೊಡೆದ ಔಷಧಿ ತೊಳೆದು ಬಂದ ನೀರಾದರೆ ಮಾತ್ರೆ ಹಾಕಿದರೂ ಪ್ರಯೋಜನವಿಲ್ಲ, ಕುದಿಸಿದರೂ ಇಲ್ಲ. ಅದನ್ನು ಬಿಟ್ಟು ಮಳೆ ನೀರು ಹಿಡಿಯುವುದೇ ಲೇಸು.

ನಾನೀಗ ಮಾಡುವುದಿಷ್ಟೇ: ಮೂರು ಸ್ಟ್ರಿಪ್, ಜಿಪ್ ಕವರ್, ಮೇಲೆ ಮಾರ್ಕರ್‌ನಲ್ಲಿ ಅವಧಿ ಮುಗಿಯುವ ತಿಂಗಳು. ಮೇ ಕೊನೆಗೆ ಕೊಡೆ ರಿಪೇರಿಗೆ ತೆಗೆಯುವ ದಿನವೇ ಇದನ್ನೂ ನೋಡುತ್ತೇನೆ. ಆ ವರ್ಷ ಅವಧಿ ಮುಗಿಯುವುದಿದ್ದರೆ ಜೂನ್‌ನಲ್ಲೇ ಬಾವಿ ನೀರಿಗೆ ಹಾಕಿ ಬಳಸಿಬಿಡುತ್ತೇವೆ, ಹೊಸದು ಕವರ್ ಸೇರುತ್ತೆ.