ದಮ್ಮು ಬರುತ್ತೆ ಅಂತ ಭಜನೆ ಬಿಡಬೇಕಾ ಡಾಕ್ಟ್ರೇ?

ಸಿಒಪಿಡಿ ಮತ್ತು ಅಂಥದ್ದೇ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು, ಅವರ ಮನೆಯವರು ಬರೆದ ಪತ್ರಗಳು ಈ ಬಾರಿ ಜಾಸ್ತಿ ಇದ್ದವು. ಮಾತ್ರೆ ಯಾವುದು ಅಂತ ಕೇಳಿದವರು ಕಡಿಮೆ. ಇದನ್ನಿಟ್ಟುಕೊಂಡು ಖುಷಿಯಾಗಿ ಇರುವುದು ಹೇಗೆ ಅಂತ ಕೇಳಿದವರೇ ಹೆಚ್ಚು. ನಾಲ್ಕು ಪ್ರಶ್ನೆಗಳಿಗೆ ಶ್ವಾಸಕೋಶ ತಜ್ಞರ ಉತ್ತರ ಇಲ್ಲಿದೆ.

ಪ್ರಶ್ನೆ: ನನಗೆ 67 ವರ್ಷ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಬೀಡಿ ಸೇದುತ್ತಿದ್ದೆ, ಈಗ ಪೂರ್ತಿ ಬಿಟ್ಟಿದ್ದೇನೆ. ಸಿಒಪಿಡಿ ಅಂತ ಹೇಳಿ ಇನ್ಹೇಲರ್ ಕೊಟ್ಟಿದ್ದಾರೆ. ಶನಿವಾರ ಸಂಜೆ ಆಂಜನೇಯನ ಗುಡಿಯಲ್ಲಿ ಭಜನೆಗೆ ಕೂರುವುದೇ ನನಗಿದ್ದ ಸಂತೋಷ. ಈಗ ಅರ್ಧ ಪದ ಹಾಡುವಷ್ಟರಲ್ಲಿ ಏದುಸಿರು. ಮಗ "ಅಪ್ಪಾ, ಸುಮ್ನೆ ಮನೇಲಿ ಕೂತ್ಕೊಳಿ, ಇರೋ ಉಸಿರು ಉಳಿಸ್ಕೊಳಿ" ಅಂತಾನೆ. ಭಜನೆ ಬಿಡಬೇಕಾ ಡಾಕ್ಟ್ರೇ?
— ಓದುಗರು, ಚನ್ನರಾಯಪಟ್ಟಣ

ಉತ್ತರ: ಬಿಡಬೇಡಿ. ನಿಮ್ಮ ಮಗನಿಗೆ ನಿಮ್ಮ ಮೇಲೆ ಕಾಳಜಿ ಇದೆ, ಅದು ಸರಿ. ಆದರೆ ಉಸಿರನ್ನು ಕೂಡಿಡಲು ಬರುವುದಿಲ್ಲ. ಸುಮ್ಮನೆ ಕೂತರೆ ಅದು ಉಳಿಯುವುದಿಲ್ಲ, ಇನ್ನೂ ಕಷ್ಟವಾಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಸಿಒಪಿಡಿಯಲ್ಲಿ ಗಾಳಿಯ ಕೊಳವೆಗಳು ಕಿರಿದಾಗಿರುತ್ತವೆ. ಗಾಳಿ ಒಳಗೆ ಹೋಗುವುದಕ್ಕಿಂತ ಹೊರಗೆ ಬರುವುದೇ ಕಷ್ಟ. ನೀವು ಕಂಡಕ್ಟರ್ ಆಗಿದ್ದವರು, ಬೇಗ ಅರ್ಥವಾಗುತ್ತದೆ: ಇಳಿಯುವವರು ಇಳಿಯದಿದ್ದರೆ ಹತ್ತುವವರಿಗೆ ಜಾಗ ಎಲ್ಲಿದೆ? ಅವಸರ ಮಾಡಿದಾಗ ಹಳೆಯ ಗಾಳಿ ಒಳಗೇ ಉಳಿದು, ಹೊಸ ಗಾಳಿಗೆ ಜಾಗ ಸಿಗದೆ ಎದೆ ಬಿಗಿಯುತ್ತದೆ. ಆಗ ಹೆದರಿಕೆ ಶುರು. ಹೆದರಿದಾಗ ಉಸಿರು ಇನ್ನೂ ಚಿಕ್ಕದಾಗಿ, ಇನ್ನೂ ಬೇಗ ಬರುತ್ತದೆ, ದಮ್ಮು ಜಾಸ್ತಿಯಾಗುತ್ತದೆ. ಮತ್ತೆ ಹಾಗಾಗಬಾರದು ಅಂತ ಜನ ಓಡಾಟ ಬಿಡುತ್ತಾರೆ. ಓಡಾಡದ ಕಾಲಿನ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯುಗಳಿಗೆ ಅದೇ ಕೆಲಸಕ್ಕೆ ಹೆಚ್ಚು ಉಸಿರು ಬೇಕು. ಮೊದಲು ಬೀದಿಯ ಕೊನೆ ದೂರವಾಗುತ್ತದೆ, ಆಮೇಲೆ ಬಚ್ಚಲುಮನೆಯೂ ದೂರ. ನಾನು ನೋಡುವ ಎಷ್ಟೋ ರೋಗಿಗಳಲ್ಲಿ ಶ್ವಾಸಕೋಶ ಕೆಟ್ಟಿದ್ದಕ್ಕಿಂತ ಬೇಗ ಬದುಕು ಚಿಕ್ಕದಾಗಿರುತ್ತದೆ.

ಇದಕ್ಕೆ ಒಂದು ಚಿಕಿತ್ಸೆ ಇದೆ. ಹೆಸರು ಪಲ್ಮನರಿ ರಿಹ್ಯಾಬಿಲಿಟೇಷನ್. ಸಾಮಾನ್ಯವಾಗಿ 6ರಿಂದ 8 ವಾರ, ವಾರಕ್ಕೆ ಎರಡು ಮೂರು ದಿನ. ನಡಿಗೆ, ಕೈಕಾಲಿಗೆ ಬಲ ಬರುವ ವ್ಯಾಯಾಮ, ಉಸಿರಾಟದ ರೀತಿ, ಇನ್ಹೇಲರ್ ಸರಿಯಾಗಿ ಎಳೆಯುವುದು, ಊಟ, ಮನಸ್ಸಿನ ವಿಚಾರ ಎಲ್ಲ ಅದರಲ್ಲಿ ಸೇರುತ್ತದೆ. ಅಲ್ಲಿ ಹೋಗಿ ಬಂದವರ ಊದುವ ಪರೀಕ್ಷೆಯ (ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ಪರೀಕ್ಷೆ) ಅಂಕಿ ಹೆಚ್ಚೇನೂ ಬದಲಾಗುವುದಿಲ್ಲ. ಆದರೂ ಅವರು ಮೊದಲಿಗಿಂತ ದೂರ ನಡೆಯುತ್ತಾರೆ, ದಮ್ಮು ಕಡಿಮೆ ಅನ್ನುತ್ತಾರೆ, ಆಸ್ಪತ್ರೆ ಸೇರುವುದೂ ಕಡಿಮೆಯಾಗುತ್ತದೆ. ಇಷ್ಟು ಉಪಯೋಗ ಇರುವುದನ್ನು ನಾವು ವೈದ್ಯರು ಬರೆದುಕೊಡುವುದು ತೀರಾ ಕಡಿಮೆ. ಹಾಗಾಗಿ ನೀವೇ ಬಾಯಿಬಿಟ್ಟು ಕೇಳಿ. ದೊಡ್ಡ ಊರಿನ ಎದೆರೋಗದ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸಿ. ಹತ್ತಿರದಲ್ಲಿ ಇಲ್ಲವೆಂದರೆ ಫಿಸಿಯೋಥೆರಪಿಸ್ಟ್ ಬಳಿ ಒಮ್ಮೆ ಕಲಿತು ಮನೆಯಲ್ಲೇ ಮಾಡಬಹುದು. ಉಸಿರು ಎಳೆದು ಚೆಂಡು ಮೇಲೇರಿಸುವ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಎಳೆದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಅದು ಮುಖ್ಯವಾಗಿ ಆಪರೇಷನ್ ಆದವರಿಗೆ. ನಿಮಗೆ ಅದಕ್ಕಿಂತ ನಡಿಗೆ ಮೇಲು.

ಇನ್ನು ಭಜನೆ. ಬ್ರಿಟನ್ನಿನಲ್ಲಿ ಶ್ವಾಸಕೋಶದ ಕಾಯಿಲೆ ಇರುವವರಿಗೆಂದೇ ಹಾಡುವ ಗುಂಪುಗಳಿವೆ. ಅದರ ಮೇಲೆ ನಡೆದ ಅಧ್ಯಯನಗಳು ಚಿಕ್ಕವು. ಹಾಡಿದರೆ ಶ್ವಾಸಕೋಶ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಹೋಗುವವರು ತಮಗೆ ಹಿತವಾಗುತ್ತದೆ, ಜೊತೆ ಸಿಗುತ್ತದೆ ಅನ್ನುತ್ತಾರೆ. ನಮ್ಮ ಭಜನೆಯಲ್ಲಿ ಇನ್ನೊಂದು ಅನುಕೂಲವೂ ಇದೆ. ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಒಂದು ಸಾಲು ಹಾಡಿದರೆ ಒಂದು ಸಾಲು ವಿಶ್ರಾಂತಿ ತಾನಾಗೇ ಸಿಗುತ್ತದೆ. ನೀವು ಹೇಳಿಕೊಡುವುದನ್ನು ಸದ್ಯಕ್ಕೆ ಬೇರೆಯವರಿಗೆ ಬಿಡಿ, ಹಿಂದೆ ಹೇಳುವವರ ಸಾಲಿನಲ್ಲಿ ಕೂರಿ. ಸಾಲನ್ನು ಎರಡು ಉಸಿರಿಗೆ ಮುರಿದರೆ ಆಂಜನೇಯ ಬೇಜಾರು ಮಾಡಿಕೊಳ್ಳುವುದಿಲ್ಲ. ಪೂರ್ತಿ ಆಗದ ದಿನ ತಾಳ ಹಿಡಿಯಿರಿ.

ಗುಡಿಗೆ ಹೋಗುವಾಗ ಮೆಟ್ಟಿಲಿದ್ದರೆ ನಿಂತಾಗ ಮೂಗಿನಿಂದ ಉಸಿರು ತೆಗೆದುಕೊಳ್ಳಿ. ಹೆಜ್ಜೆ ಎತ್ತಿಡುವಾಗ ಸೀಟಿ ಹೊಡೆಯುವ ಹಾಗೆ ತುಟಿ ಕೂಡಿಸಿ ನಿಧಾನವಾಗಿ ಬಿಡಿ. ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಲಿ. ತಕ್ಷಣ ಆರಾಮ ಕೊಡುವ ಇನ್ಹೇಲರ್ ಬೇರೆ ಇದ್ದರೆ, ಹೊರಡುವ ಮೊದಲು ಅದನ್ನು ತೆಗೆದುಕೊಳ್ಳಬಹುದೇ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಊದುಬತ್ತಿ, ಸಾಂಬ್ರಾಣಿ, ಕರ್ಪೂರದ ಹೊಗೆ ನಿಮಗೆ ಆಗುವುದಿಲ್ಲ. ಅದನ್ನು ಹೊರಗೆ ಹಚ್ಚಿ ಅಂತ ಭಜನೆಯವರಿಗೆ ಹೇಳಲು ಸಂಕೋಚ ಬೇಡ. ನಿಮಗೆ ಆಗದಿದ್ದರೆ ಮಗನೇ ಹೇಳಲಿ, ಅವರ ಕಾಳಜಿಗೂ ಒಂದು ಕೆಲಸ ಸಿಕ್ಕ ಹಾಗಾಗುತ್ತದೆ. ಎದೆನೋವು, ತಲೆಸುತ್ತು ಬಂದರೆ, ತುಟಿ ನೀಲಿಯಾದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾನು ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟಿದವಳಲ್ಲ. ವಯಸ್ಸು 58. ನನಗೂ ಸಿಒಪಿಡಿಯಂತೆ. ಕೆಮ್ಮಿದರೆ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಾರೆ. ಹಾಗಾಗಿ ಮದುವೆ, ಮುಂಜಿ ಎಲ್ಲ ಬಿಟ್ಟೆ. ಇನ್ಹೇಲರ್ ಸೆರಗಿನ ಮರೆಯಲ್ಲಿ ಎಳೆಯುತ್ತೇನೆ. ಸುಮ್‌ಸುಮ್ನೆ ಅಳು ಬರುತ್ತದೆ.
— ಗೃಹಿಣಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ನೀವು ಸೇದಿಲ್ಲ, ನಿಜ. ನಿಮ್ಮ ಒಲೆ ಸೇದಿಸಿದೆ. ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕೂತ ಹೆಂಗಸರಿಗೆ ಈ ಕಾಯಿಲೆ ಬರುವುದು ನಮ್ಮ ದೇಶದಲ್ಲಿ ಹೊಸದೇನಲ್ಲ. ಹಿಂದೆ ಟಿಬಿ ಆಗಿದ್ದವರಿಗೆ, ದೂಳಿನಲ್ಲಿ ದುಡಿದವರಿಗೆ ಕೂಡ ಬರುತ್ತದೆ. ಅಡುಗೆಗೆ ಗ್ಯಾಸ್ ಬಂದಿರಬಹುದು. ಬಚ್ಚಲ ಹಂಡೆಯ ಒಲೆ? ಅಡಿಕೆ ಬೇಯಿಸುವ ಒಲೆ? ಮಲೆನಾಡಿನಲ್ಲಿ ಇವೆರಡನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇನ್ನು ಮುಂದೆ ಆ ಕೆಲಸ ನಿಮ್ಮದಲ್ಲ ಅಂತ ಮನೆಯಲ್ಲಿ ಹೇಳಿ. ಅಡಿಕೆ ಸುಗ್ಗಿಯ ಹೊತ್ತಿಗೆ ನೀವು ಹೊಗೆ ಬಾರದ ಕಡೆ ಇರಬೇಕು, ಇದರಲ್ಲಿ ರಾಜಿ ಬೇಡ.

ಕೆಮ್ಮು ಅಂಟುತ್ತದೆ ಅನ್ನುವ ಹೆದರಿಕೆ ಕೊರೊನಾ ಆದಮೇಲೆ ಜಾಸ್ತಿಯಾಗಿದೆ. ಸಿಒಪಿಡಿ ಅಂಟುವ ಕಾಯಿಲೆ ಅಲ್ಲ. ಪಕ್ಕದವರು ಏಳುವ ಮೊದಲೇ "ಇದು ಒಲೆ ಹೊಗೆಯಿಂದ ಬಂದ ಕೆಮ್ಮು, ನಿಮಗೇನೂ ಆಗಲ್ಲ" ಅಂದುಬಿಡಿ. ಮೊದಲ ಸಲ ಹೇಳುವುದೇ ಕಷ್ಟ. ಇನ್ಹೇಲರನ್ನೂ ಎದುರಿಗೇ ತೆಗೆದುಕೊಳ್ಳಿ. ಅದು ಚಟವಾಗುವುದಿಲ್ಲ, ಕೊನೆಯ ಹಂತದ ಔಷಧಿಯೂ ಅಲ್ಲ. ಔಷಧಿ ನೇರ ಶ್ವಾಸಕೋಶಕ್ಕೇ ಹೋಗುವುದರಿಂದ ತೀರಾ ಸ್ವಲ್ಪ ಪ್ರಮಾಣ ಸಾಕಾಗುತ್ತದೆ. ಸೆರಗಿನ ಮರೆಯಲ್ಲಿ ಅವಸರದಿಂದ ಎಳೆದರೆ ಅರ್ಧ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಒಮ್ಮೆ ಡಾಕ್ಟರ್ ಎದುರು ಎಳೆದು ತೋರಿಸಿ. ಸ್ಟಿರಾಯ್ಡ್ ಇರುವ ಇನ್ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ.

ಸಮಾರಂಭಕ್ಕೆ ಹೋಗಿ. ಹೋಮದ ಹೊಗೆಯಿಂದ ದೂರ, ಬಾಗಿಲ ಹತ್ತಿರ ಕೂರಿ. ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂತರೆ ನೂಕುನುಗ್ಗಲಿಲ್ಲ. ಬಡಿಸುವವರು ಎಷ್ಟೇ ಒತ್ತಾಯ ಮಾಡಲಿ, ಹೊಟ್ಟೆ ಬಿರಿಯುವಷ್ಟು ಉಣ್ಣಬೇಡಿ. ತುಂಬಿದ ಹೊಟ್ಟೆ ವಪೆಯನ್ನು (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತಿ ಉಸಿರಿಗೆ ತೊಂದರೆ ಕೊಡುತ್ತದೆ. ಚೀಲದಲ್ಲಿ ಚಿಕ್ಕ ಬ್ಯಾಟರಿ ಫ್ಯಾನ್ ಇಟ್ಟುಕೊಳ್ಳಿ. ದಮ್ಮು ಬಂದಾಗ ಮುಖಕ್ಕೆ, ಮೂಗು ತುಟಿಯ ಹತ್ತಿರ ಗಾಳಿ ಬೀಸಿದರೆ ಏದುಸಿರಿನ ಸಂಕಟ ಕಡಿಮೆ ಅನಿಸುತ್ತದೆ. ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ.

ಅಳುವಿನ ಮಾತು. ಈ ಕಾಯಿಲೆ ಇರುವವರಲ್ಲಿ ಖಿನ್ನತೆ, ಆತಂಕ ತುಂಬಾ ಸಾಮಾನ್ಯ. ಅದು ನಿಮ್ಮ ದೌರ್ಬಲ್ಯ ಅಲ್ಲ, ಚಿಕಿತ್ಸೆ ಇರುವ ಇನ್ನೊಂದು ಕಾಯಿಲೆ. ಎರಡು ವಾರ ಮೀರಿ ಬೇಸರ ಹೋಗದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಎದೆಯ ಡಾಕ್ಟರಿಗೇ ಹೇಳಿ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ. ಸರ್ಕಾರ 2022ರಲ್ಲಿ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ ಇದು. ಆದರೆ ಬೇರೆಯವರ ನಿದ್ದೆ ಮಾತ್ರೆ ಮಾತ್ರ ನುಂಗಬೇಡಿ. ಕೆಲವು ಮಾತ್ರೆಗಳು ಉಸಿರಾಟವನ್ನೇ ಮಂದ ಮಾಡುತ್ತವೆ.

ನಿಮ್ಮ ಪತ್ರದಲ್ಲಿ ಬಿಟ್ಟದ್ದೆಲ್ಲ ಬರೆದಿದ್ದೀರಿ. ನಿಮಗೆ ಏನು ಇಷ್ಟ ಅಂತ ಬರೆದಿಲ್ಲ. ಹೂವಿನ ಗಿಡವೋ, ರಂಗೋಲಿಯೋ, ಅಕ್ಕನ ಜೊತೆ ಫೋನ್ ಮಾತೋ, ಯಾವುದಾದರೂ ಒಂದನ್ನು ದಿನದಲ್ಲಿ ಉಸಿರು ಹಗುರವಾಗಿರುವ ಹೊತ್ತಿಗೆ ಇಟ್ಟುಕೊಳ್ಳಿ. ಮನೆಗೆಲಸ ಮುಗಿಸಿ ಉಳಿದ ಉಸಿರಿನಲ್ಲಿ ನೋಡೋಣ ಅಂದರೆ ಅದು ಉಳಿಯುವುದೇ ಇಲ್ಲ.

ಪ್ರಶ್ನೆ: ಮಾವನವರಿಗೆ ಮನೆಯಲ್ಲೇ ಆಕ್ಸಿಜನ್ ಯಂತ್ರ ಇಟ್ಟಿದ್ದೇವೆ. "ಇದು ಅಭ್ಯಾಸ ಆಗಿಬಿಡುತ್ತೆ" ಅಂತ ಪೈಪು ಕಿತ್ತು ಹಾಕುತ್ತಾರೆ. ಇಡೀ ದಿನ ಸಿಡಿಮಿಡಿ. ಎಲ್ಲ ನಾನೇ ಮಾಡಿಕೊಟ್ಟರೂ ಸಿಟ್ಟು. ನನಗೂ ಸುಸ್ತಾಗಿದೆ.
— ಸೊಸೆ, ಚಿಂತಾಮಣಿ

ಉತ್ತರ: ಎಲ್ಲ ನೀವೇ ಮಾಡಿಕೊಡುವುದೇ ಸಿಟ್ಟಿಗೆ ಕಾರಣ ಇರಬಹುದು. ನೆನ್ನೆಯವರೆಗೆ ಮನೆ ನಡೆಸಿದವರು ಅವರು. ಕೂತು ಮಾಡುವ ಕೆಲಸ ಕೊಡಿ. ಅವರೆಕಾಯಿ ಕಾಲದಲ್ಲಿ ಕಾಯಿ ಬಿಡಿಸಿ, ಕಾಳು ಹಿಸುಕಿ ಕೊಡಲಿ. ಹಾಲಿನ ಲೆಕ್ಕ, ಕರೆಂಟ್ ಬಿಲ್ಲು ಅವರ ಬಳಿಯೇ ಇರಲಿ. ಪೈಪಿಗೆ ಉದ್ದದ ಟ್ಯೂಬ್ ಜೋಡಿಸಬಹುದೇ ಅಂತ ಯಂತ್ರ ಕೊಟ್ಟವರನ್ನು ಕೇಳಿ, ಜಗಲಿಗೆ ಬಂದು ಕೂರಬಹುದು. ಬೀದಿ ಕಂಡರೆ ಅರ್ಧ ಸಿಡಿಮಿಡಿ ಹೋಗುತ್ತದೆ.

ಆಕ್ಸಿಜನ್ ಚಟವಲ್ಲ. ಆರಾಮಾಗಿ ಕೂತಾಗಲೂ ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವವರು ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಂಡರೆ ಹೆಚ್ಚು ಕಾಲ ಬದುಕುತ್ತಾರೆ ಅಂತ 1980 ಮತ್ತು 1981ರಲ್ಲಿ ಬಂದ ಅಮೆರಿಕ, ಬ್ರಿಟನ್ನಿನ ಅಧ್ಯಯನಗಳೇ ತೋರಿಸಿವೆ. ನಿದ್ದೆಯ ಹೊತ್ತೂ ಅದರಲ್ಲಿ ಸೇರುತ್ತದೆ ಅಂದರೆ ಅವರು ಒಪ್ಪಬಹುದು. ಆದರೆ ದಮ್ಮು ಬಂತು ಅಂತ ನೀವಾಗಿಯೇ ಯಂತ್ರವನ್ನು ಜಾಸ್ತಿ ಮಾಡಬೇಡಿ. ಸಿಒಪಿಡಿ ಇರುವವರಿಗೆ ಬೆರಳಿಗೆ ಹಾಕಿ ಆಮ್ಲಜನಕ ಅಳೆಯುವ ಮೀಟರಿನಲ್ಲಿ ಸಾಮಾನ್ಯವಾಗಿ ಶೇ 88ರಿಂದ 92 ಇದ್ದರೆ ಸಾಕು. ಆಮ್ಲಜನಕ ಅತಿಯಾದರೆ ಕೆಲವರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಇರುವ ಕಡೆ ಯಂತ್ರ ಬೇಡವೇ ಬೇಡ. ಕರೆಂಟ್ ಹೋದಾಗ ಏನು ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಒಂದು ಸಿಲಿಂಡರ್ ಇದ್ದರೆ ಒಳ್ಳೆಯದು.

ದಮ್ಮು ಬಂದಾಗ "ಏನಾಯ್ತು, ಏನಾಯ್ತು" ಅಂತ ಕೇಳಬೇಡಿ. ತಲೆ ಆಡಿಸಿ ಉತ್ತರ ಕೊಡುವಂಥ ಪ್ರಶ್ನೆ ಕೇಳಿ. ಮುಂದಕ್ಕೆ ಬಾಗಿ ಮೊಣಕೈ ತೊಡೆಯ ಮೇಲಿಟ್ಟು ಕೂರಲಿ. ನೀವೂ ಪಕ್ಕ ಕೂತು ನಿಧಾನವಾಗಿ ಉಸಿರಾಡಿ.

ಇನ್ನು ನಿಮ್ಮ ಸುಸ್ತು. ವಾರದಲ್ಲಿ ಒಂದು ದಿನ ಗಂಡನೋ, ನಾದಿನಿಯೋ ನೋಡಿಕೊಳ್ಳಲಿ. ಯಂತ್ರ ಹಾಕುವುದು, ತೆಗೆಯುವುದು ಅವರಿಗೂ ಕಲಿಸಿ. ಸೊಸೆಗೆ ಮಾತ್ರ ಬರುವ ಕೆಲಸ ಅಂತ ಅದರಲ್ಲಿ ಏನೂ ಇಲ್ಲ. ಸುಸ್ತು ಹೇಳಿಕೊಳ್ಳಲು 14416 ನಿಮಗೂ ಇದೆ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ, ಮೊಮ್ಮಗು ನೋಡುವ ಆಸೆ. ಸಿಒಪಿಡಿ ಇದ್ದವರು ವಿಮಾನ ಹತ್ತಬಹುದಾ?
— ಓದುಗರು, ಮೈಸೂರು

ಉತ್ತರ: ತುಂಬಾ ಜನ ಹತ್ತುತ್ತಾರೆ. ವಿಮಾನದ ಒಳಗಿನ ಗಾಳಿ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ತೆಳುವಾಗಬಹುದು. ಅದು ನಿಮಗೆ ತಡೆಯುತ್ತದೆಯೇ ಅಂತ ಟಿಕೆಟ್ ತೆಗೆಯುವ ಮೊದಲೇ ಡಾಕ್ಟರ್ ಬಳಿ ಪರೀಕ್ಷೆ ಮಾಡಿಸಿ. ಆಕ್ಸಿಜನ್ ಬೇಕಾದರೆ ಸ್ವಂತ ಸಿಲಿಂಡರ್ ಒಯ್ಯುತ್ತೇನೆ ಅಂದುಕೊಳ್ಳಬೇಡಿ. ಕೈಯಲ್ಲಿ ಒಯ್ಯುವ ಯಂತ್ರಗಳಿಗೆ ಅನೇಕ ಕಂಪನಿಗಳು ಒಪ್ಪುತ್ತವೆ, ಆದರೆ ಮುಂಚಿತವಾಗಿ ತಿಳಿಸಿ ಡಾಕ್ಟರ್ ಪತ್ರ ಕೊಡಬೇಕು. ವಿಮಾನ ನಿಲ್ದಾಣದಲ್ಲಿ ವೀಲ್‌ಚೇರ್ ಕೇಳಿ, ಮರ್ಯಾದೆಯ ಪ್ರಶ್ನೆ ಮಾಡಬೇಡಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಿಕೊಂಡಿದ್ದೀರಾ ನೋಡಿ. ಇನ್ಹೇಲರ್‌ಗಳು ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ. ಇತ್ತೀಚೆಗೆ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದ್ದರೆ ಪ್ರಯಾಣ ಸ್ವಲ್ಪ ಮುಂದಕ್ಕೆ ಹಾಕಿ. ಅಲ್ಲಿಯವರೆಗೆ ವಿಡಿಯೊ ಕಾಲಿನಲ್ಲೇ ಮೊಮ್ಮಗುವಿಗೆ ಕಥೆ ಹೇಳಿ.