ಕ್ರ್ಯಾಂಕ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸಬೇಡಿ

ಪ್ರಶ್ನೆ: ಸೈಕಲ್‌ಗೆ ಹೊಸ ಬಾಟಮ್ ಬ್ರ್ಯಾಕೆಟ್ (ಬಿಬಿ, ಅಂದರೆ ಕ್ರ್ಯಾಂಕ್‌ನ ಆ್ಯಕ್ಸಲ್ ತಿರುಗುವ ಬೇರಿಂಗ್ ಜೋಡಿ) ಹಾಕಿಸಿದ್ದೇನೆ. ಬೇರಿಂಗ್‌ಗಳು ಶೆಲ್‌ನ, ಅಂದರೆ ಫ್ರೇಮ್‌ನ ಅಡ್ಡ ಕೊಳವೆಯ, ಹೊರಗೆ ಕೂರುವ, 24 ಮಿ.ಮೀ. ಆ್ಯಕ್ಸಲ್‌ನ ಮಾದರಿ. ಚೈನ್ ಇಳಿಸಿ ಕ್ರ್ಯಾಂಕ್ ಬೀಸಿ ಬಿಟ್ಟರೆ ಒಂದು ಸುತ್ತಿಗೇ ನಿಲ್ಲುತ್ತದೆ. ಹಳೆಯದು ಏಳೆಂಟು ಸುತ್ತು ತಿರುಗುತ್ತಿತ್ತು. ಸೀಲ್ ಕಿತ್ತು, ಗ್ರೀಸ್ ತೊಳೆದು, ತೆಳು ಎಣ್ಣೆ ಬಿಡಿ ಎನ್ನುತ್ತಾರೆ ಅಂಗಡಿಯವರು. ಬಿಡಲೇ?

ಬೇಡ. ಈ ಪ್ರಶ್ನೆ ಎಷ್ಟು ಸಲ ಬಂದರೂ ಉತ್ತರ ಬದಲಾಗುವುದಿಲ್ಲ. ಭಾರವಿಲ್ಲದೆ ಕ್ರ್ಯಾಂಕ್ ತಿರುಗಿಸಿದಾಗ ಕೈಗೆ ಸಿಗುವುದು ಹೆಚ್ಚಾಗಿ ಸೀಲ್‌ನ ರಬ್ಬರ್ ಅಂಚಿನ ಉಜ್ಜಾಟ ಮತ್ತು ಹೊಸ ಗ್ರೀಸ್‌ನ ದಪ್ಪ. ಹಳೆಯದು ಹಗುರವಾಗಿ ತಿರುಗುತ್ತಿತ್ತು ಎಂದರೆ ಸೀಲ್ ಸವೆದು ಗ್ರೀಸ್ ಖಾಲಿಯಾಗಿತ್ತು ಎಂದೇ ಹೆಚ್ಚಾಗಿ ಅರ್ಥ. ಅದು ಸಾಯುವ ಹಂತದ ಬೇರಿಂಗ್. ಅದನ್ನು ಮಾದರಿಯಾಗಿ ಇಟ್ಟುಕೊಳ್ಳಬೇಡಿ.

ನಷ್ಟ ಎಷ್ಟೆಂದು ನೀವೇ ಅಳೆಯಬಹುದು. ಎರಡೂ ಪೆಡಲ್ ಇರಲಿ, ಚೈನ್ ಮಾತ್ರ ಚೈನ್ ವೀಲ್‌ನಿಂದ ಇಳಿದಿರಲಿ. ಕ್ರ್ಯಾಂಕ್ ಅಡ್ಡಡ್ಡ ನಿಲ್ಲಿಸಿ, ಒಂದು ಪೆಡಲ್‌ಗೆ 50 ಗ್ರಾಂ ಕಾಫಿಪುಡಿ ಪೊಟ್ಟಣ ಕಟ್ಟಿ. ಕ್ರ್ಯಾಂಕ್ ತಾನಾಗಿ ಕೆಳಗಿಳಿದರೆ, 170 ಮಿ.ಮೀ. ಕ್ರ್ಯಾಂಕ್‌ನಲ್ಲಿ ನಿಮಿಷಕ್ಕೆ 80 ಸುತ್ತು ತುಳಿಯುವಾಗ ಆಗುವ ನಷ್ಟ ಸುಮಾರು 0.7 ವ್ಯಾಟ್‌ಗಿಂತ ಕಡಿಮೆ. ಆರಾಮಾಗಿ ಹೋಗುವಾಗಲೂ ನಿಮ್ಮ ಕಾಲು 100 ವ್ಯಾಟ್ ಆಸುಪಾಸು ಕೊಡುತ್ತಿರುತ್ತದೆ. ಕೆಮ್ಮಣ್ಣು ಮೆತ್ತಿ ಒಣಗಿದ ಚೈನ್ ಇದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತದೆ. ಮೊದಲು ಅದನ್ನು ಒರೆಸಿ.

ಪೊಟ್ಟಣ ಅಲುಗದಿದ್ದರೆ ಮಾತ್ರ ಹುಡುಕಾಟ ಶುರುಮಾಡಿ. ಮೊದಲ ಅನುಮಾನ ಎಡ ಕ್ರ್ಯಾಂಕ್‌ನ ಪ್ಲಾಸ್ಟಿಕ್ ಕ್ಯಾಪ್ ಮೇಲೆ. ಅದರ ಕೆಲಸ ಅಕ್ಕಪಕ್ಕದ ಆಟ ತೆಗೆಯುವುದು, ಅಷ್ಟೇ. ಈ ಮಾದರಿಯದೇ ಆದ ಶಿಮಾನೊ ಹಾಲೊಟೆಕ್ 2 ಕ್ರ್ಯಾಂಕ್‌ಗೆ ಹೇಳಿರುವುದು 0.7ರಿಂದ 1.5 ನ್ಯೂಟನ್ ಮೀಟರ್, ಅಂದರೆ ಬೆರಳ ತುದಿಯ ಬಿಗಿ. ಅದನ್ನು ಸ್ಪ್ಯಾನರ್ ಹಾಕಿ ಬಿಗಿದರೆ ಎರಡೂ ಬೇರಿಂಗ್ ಪಕ್ಕದಿಂದ ಒತ್ತಿಕೊಳ್ಳುತ್ತವೆ. ಕ್ರ್ಯಾಂಕ್‌ನ ಎರಡು ಬೋಲ್ಟ್ ಸಡಿಲಿಸಿ, ಕ್ಯಾಪ್ ಬಿಚ್ಚಿ ಮತ್ತೆ ಹಗುರವಾಗಿ ಕೂರಿಸಿ. ಆಮೇಲೆ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ 12ರಿಂದ 14 ನ್ಯೂಟನ್ ಮೀಟರ್‌ಗೆ ತನ್ನಿ. ಬೋಲ್ಟ್ ಬಿಗಿದ ಮೇಲೆ ಕ್ಯಾಪ್ ತಿರುಗಿಸಿ ಪ್ರಯೋಜನವಿಲ್ಲ.

ಎರಡನೆಯದು ಸ್ಪೇಸರ್, ಅಂದರೆ ಶೆಲ್‌ಗೂ ಬೇರಿಂಗ್ ಕೂರುವ ಕಪ್‌ಗೂ ನಡುವೆ ಹಾಕುವ ಬಳೆ. 68 ಮಿ.ಮೀ. ಅಗಲದ ಶೆಲ್‌ಗೆ ಎಂಟಿಬಿ (ಮೌಂಟನ್ ಬೈಕ್) ಕ್ರ್ಯಾಂಕ್ ಹಾಕುವಾಗ ಸಾಮಾನ್ಯವಾಗಿ 2.5 ಮಿ.ಮೀ.ನ ಮೂರು ಬೇಕು: ಬಲಕ್ಕೆ ಎರಡು, ಎಡಕ್ಕೆ ಒಂದು. 73ರ ಶೆಲ್‌ಗೆ ಬಲಕ್ಕೆ ಒಂದೇ ಸಾಕು. ಅಲ್ಲಿ ಹೆಚ್ಚುವರಿ ಸೇರಿಸಿದರೆ ಕ್ರ್ಯಾಂಕ್ ಬೇರಿಂಗನ್ನೇ ಒತ್ತುತ್ತದೆ.

ಮೂರನೆಯದನ್ನು ನಮ್ಮಲ್ಲಿ ನೋಡುವವರೇ ಕಡಿಮೆ. ಕ್ರ್ಯಾಂಕ್ ಹೊರತೆಗೆದು ಬೇರಿಂಗ್‌ನೊಳಗೆ ಬೆರಳಿಟ್ಟು ನಿಧಾನ ತಿರುಗಿಸಿ. ಬೆರಳಿಗೆ ನಯ, ಆ್ಯಕ್ಸಲ್ ತೂರಿಸಿದರೆ ಬಿಗಿ ಎಂದಾದರೆ ತಪ್ಪು ಬೇರಿಂಗ್‌ನದಲ್ಲ. ಶೆಲ್‌ನ ಎರಡು ಮುಖ ಸಮಾನಾಂತರವಾಗಿಲ್ಲ, ಅಥವಾ ಒಂದು ಕಡೆ ಪೇಂಟ್ ದಪ್ಪ ಕೂತಿದೆ. ಕಪ್‌ಗಳು ಓರೆಯಾಗಿ ಕೂತಿರುತ್ತವೆ. ಎಷ್ಟು ಬೇರಿಂಗ್ ಬದಲಿಸಿದರೂ ಬೇಗ ಸಾಯುತ್ತವೆ. ಶೆಲ್‌ನ ಮುಖ ಸಮ ಮಾಡುವ ಫೇಸಿಂಗ್ ಕಟರ್ ಇರುವ ಅಂಗಡಿಗೆ ಒಯ್ಯಿರಿ. ಅರ ಹಿಡಿದು ಉಜ್ಜುತ್ತೇನೆ ಎನ್ನುವವರ ಕೈಗೆ ಫ್ರೇಮ್ ಕೊಡಬೇಡಿ. ಕಪ್ ಬಿಚ್ಚುವಾಗ ನೆನಪಿರಲಿ: ಇಂಗ್ಲಿಷ್ ಥ್ರೆಡ್‌ನ ಶೆಲ್‌ನಲ್ಲಿ ಬಲಗಡೆಯದು ಉಲ್ಟಾ ಥ್ರೆಡ್. ಮರಳಿ ಹಾಕುವಾಗ ಥ್ರೆಡ್‌ಗೆ ಗ್ರೀಸ್ ಹಚ್ಚಿ 35ರಿಂದ 50 ನ್ಯೂಟನ್ ಮೀಟರ್‌ಗೆ ಬಿಗಿಯಿರಿ.

ಬೆರಳಿಗೇ ಮರಳು ಸಿಕ್ಕಂತೆ ಕರಕರ ಎಂದರೆ ತೊಳೆಯುತ್ತ ಕೂರಬೇಡಿ, ಬದಲಿಸಿ.

ಇನ್ನು ಸೀಲ್ ಕೀಳುವ ಸಲಹೆ. ಈ ಮಾದರಿಯಲ್ಲಿ ಬೇರಿಂಗ್ ಹೊರಗೇ ಇರುವುದರಿಂದ ಮಳೆನೀರು ನೇರ ಹೊಡೆಯುತ್ತದೆ, ಮಧ್ಯೆ ಇರುವುದು ಆ ರಬ್ಬರ್ ಅಂಚು ಮಾತ್ರ. ಅದನ್ನು ಕಿತ್ತು ತೆಳು ಎಣ್ಣೆ ಬಿಟ್ಟರೆ ಗುಂಡುಗಳು ಬಿಸಿಲಲ್ಲಿ ಹಗುರವಾಗಿ ತಿರುಗಿ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ. ಅರ್ಧ ವ್ಯಾಟ್ ಆಸೆಗೆ ಬೇರಿಂಗನ್ನೇ ಕೊಲ್ಲುವ ವೈದ್ಯವಿದು.

ಪ್ರಶ್ನೆ: ಸೆರಾಮಿಕ್ ಬೇರಿಂಗ್ ಹಾಕಿದರೆ ವೇಗ ಹೆಚ್ಚುತ್ತದೆಯೇ?

ನಿಮಗೆ ಗೊತ್ತಾಗುವಷ್ಟು ಹೆಚ್ಚುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಟೈರ್ ಕೊಳ್ಳಿ.

ಪ್ರಶ್ನೆ: ಕಾರ್ಬನ್ ಫ್ರೇಮ್, ಪ್ರೆಸ್‌ಫಿಟ್ (ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ) ಬಿಬಿ. ತುಳಿದಾಗ ಕಟಕಟ ಸದ್ದು. ಸುತ್ತಿಗೆಯಲ್ಲಿ ಬಡಿದು ಒಳಗೆ ಕೂರಿಸಬಹುದೇ?

ಸುತ್ತಿಗೆ ಮುಟ್ಟಬೇಡಿ. ಮೊದಲು ಪೆಡಲ್, ಚೈನ್ ವೀಲ್ ಬೋಲ್ಟ್, ಸೀಟ್ ಪೋಸ್ಟ್ ಬಿಚ್ಚಿ, ಒರೆಸಿ, ಮತ್ತೆ ಬಿಗಿಯಿರಿ. ಬಿಬಿ ಮೇಲೆ ಹೊರಿಸುವ ಎಷ್ಟೋ ಸದ್ದು ಅಲ್ಲಿಂದಲೇ ಬರುತ್ತದೆ. ಬಿಬಿಯದೇ ಎಂದು ಖಚಿತವಾದರೆ ಪ್ರೆಸ್ ಟೂಲ್‌ನಲ್ಲೇ ಹೊಸದನ್ನು ಕೂರಿಸಬೇಕು. ಬಿಬಿ86 ಎಂಬ ಪ್ರೆಸ್‌ಫಿಟ್ ಅಳತೆಯ 41 ಮಿ.ಮೀ. ರಂಧ್ರಕ್ಕೆ 30 ಮಿ.ಮೀ. ಆ್ಯಕ್ಸಲ್ ತುರುಕಿದ್ದರೆ ಬೇರಿಂಗ್‌ಗೆ ಉಳಿಯುವ ಜಾಗವೇ ಕಡಿಮೆ, ಗುಂಡುಗಳು ಸಣ್ಣವು, ಬಾಳಿಕೆಯೂ ಅಷ್ಟಕ್ಕಷ್ಟೇ. ಅಲ್ಲಿಗೆ 24ರ ಆ್ಯಕ್ಸಲ್ ಲೇಸು.

ಪ್ರಶ್ನೆ: ಅಪ್ಪನ ಹಳೇ ಕಾಟರ್ ಪಿನ್ (ಕ್ರ್ಯಾಂಕನ್ನು ಆ್ಯಕ್ಸಲ್‌ಗೆ ಹಿಡಿಸುವ ಬೆಣೆ) ಸೈಕಲ್‌ಗೆ ಸೀಲ್ಡ್ ಬಿಬಿ ಹಾಕಿಸಲೇ?

ಕಪ್, ಆ್ಯಕ್ಸಲ್‌ನಲ್ಲಿ ಗುಂಡು ಓಡುವ ಜಾಗದಲ್ಲಿ ಗುಳಿ ಬಿದ್ದಿಲ್ಲವಾದರೆ ಬೇಡ. ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ, ಕಾಲಿಂಚಿನ ಹೊಸ ಗುಂಡು ಒಂದೊಂದು ಕಡೆಗೆ 11ರಂತೆ ಗ್ರೀಸ್‌ನಲ್ಲಿ ಕೂರಿಸಿ. ಲಾಕ್ ರಿಂಗ್ ಬಿಗಿಯುವಾಗ ಎಡ ಕಪ್ಪೂ ಜೊತೆಗೆ ತಿರುಗುತ್ತದೆ. ಅದನ್ನು ಹಿಡಿದುಕೊಂಡೇ ಬಿಗಿಯಿರಿ.

ಪ್ರಶ್ನೆ: ವಾರಕ್ಕೊಮ್ಮೆ ಪ್ರೆಷರ್ ವಾಷರ್‌ನಲ್ಲಿ ತೊಳೆದು ಬಿಬಿಗೆ ಡಬ್ಲ್ಯೂಡಿ-40 ಹೊಡೆಯುತ್ತೇನೆ. ಸರಿಯೇ?

ಎರಡನ್ನೂ ಇವತ್ತೇ ನಿಲ್ಲಿಸಿ. ಬಕೆಟ್ ನೀರು, ಬಟ್ಟೆ ಸಾಕು.